ತಲೆಪೆಟ್ಟಿನ ಎಂಟನೆಯ ದಿನ

ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ 5ರಂದು ಅಧಿಸೂಚನೆ ಹೊರಡಿಸಿ ಜಾರಿಗೆ ತಂದಿತು. ದೇಶದ ಯಾವುದೇ ರಸ್ತೆಯಲ್ಲಿ ಮೋಟಾರು ವಾಹನದಿಂದ ಅಪಘಾತಕ್ಕೀಡಾದವರಿಗೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ, ಅಪಘಾತದ ದಿನದಿಂದ ಗರಿಷ್ಠ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ಚಿಕಿತ್ಸೆ ಎಂಬುದು ಅದರ ತಿರುಳು. ಇಂತಹ ಯೋಜನೆ ಇರಬೇಕೆಂದು ಮೋಟಾರು ವಾಹನ ಕಾಯ್ದೆಯ 162ನೇ ಕಲಂ ಹೇಳಿದ್ದರೂ ಅದು ರೂಪುಗೊಂಡಿರಲಿಲ್ಲ; 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗಡುವು ವಿಧಿಸಿದ ಮೇಲೆ ಕೆಲಸ ಮುಂದೆ ಸಾಗಿತು. ಕರ್ನಾಟಕದ ಮಟ್ಟಿಗೆ ಈ ಕಲ್ಪನೆ ಹೊಸದಲ್ಲ. 2016ರಲ್ಲೇ ಆರಂಭವಾದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಅಪಘಾತದ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಯ ಹೊಣೆ ಹೊತ್ತಿತ್ತು. 48 ಗಂಟೆ ಏಳು ದಿನವಾಗಿದೆ, 25,000 ಒಂದೂವರೆ ಲಕ್ಷವಾಗಿದೆ. ಜೀವ ಉಳಿಸುವ ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆ ಎಂಬುದರಲ್ಲಿ ಎರಡು ಮಾತಿಲ್ಲ.

ಗೊಂದಲ ಹುಟ್ಟುವುದು ಆ ಏಳು ದಿನಗಳ ಲೆಕ್ಕದಲ್ಲಿ. ಮೂಳೆ ಮುರಿದವರು ಏಳು ದಿನದಲ್ಲಿ ಓಡಾಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಪ್ಲಾಸ್ಟರ್ ಕಣ್ಣಿಗೆ ಕಾಣುತ್ತದೆ, ಮುಂದಿನ ತಪಾಸಣೆಯ ದಿನಾಂಕ ಚೀಟಿಯಲ್ಲಿ ಇರುತ್ತದೆ. ತಲೆಗೆ ಪೆಟ್ಟು ಬಿದ್ದವರ ಸ್ಥಿತಿ ಬೇರೆ. ಪ್ರಜ್ಞೆ ಮರಳಿ, ಮಾತಾಡಿ, ನಡೆದು ಮನೆಗೆ ಬಂದವರನ್ನು ನೋಡಿ ಮನೆಯವರು ‘ಗಂಡಾಂತರ ಕಳೆಯಿತು’ ಎಂದುಕೊಳ್ಳುತ್ತಾರೆ. ವಾರಗಳು ಉರುಳಿದ ಮೇಲೆ ಅದೇ ಮನೆಯಲ್ಲಿ ‘ಇವನು ಮೊದಲಿನ ಮನುಷ್ಯನಲ್ಲ’ ಎಂಬ ಮಾತು ಕೇಳಿಬರುತ್ತದೆ. ಈ ಎರಡು ಮಾತುಗಳ ನಡುವೆ ಏನಾಯಿತು, ಅದು ಕಾಯಿಲೆಯೇ ಸ್ವಭಾವವೇ, ಅದಕ್ಕೆ ಚಿಕಿತ್ಸೆ ಉಂಟೇ, ಅದರ ಖರ್ಚು ಯಾರ ಪಾಲಿನದು ಎಂಬ ಪ್ರಶ್ನೆಗಳನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಸಮಸ್ಯೆಯ ಗಾತ್ರ ಸಣ್ಣದಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಮಂದಿ ಸತ್ತರು, 4,43,366 ಮಂದಿ ಗಾಯಗೊಂಡರು. ಸತ್ತವರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಸುದ್ದಿಯಲ್ಲಿ ನಿಲ್ಲುವುದು ಸತ್ತವರ ಸಂಖ್ಯೆ. ನಾವು ಇಲ್ಲಿ ನೋಡಬೇಕಾದದ್ದು ಬದುಕಿದವರನ್ನು.

ತಲೆಬುರುಡೆಯ ಒಳಗೆ ನಡೆಯುವುದು

ಮಿದುಳು ಬುರುಡೆಯೊಳಗೆ ದ್ರವದಲ್ಲಿ ತೇಲುವ ಮೃದುವಾದ ಅಂಗ. ಓಡುತ್ತಿರುವ ಬೈಕು ಏಕಾಏಕಿ ನಿಂತಾಗ ಬುರುಡೆ ನಿಲ್ಲುತ್ತದೆ, ಒಳಗಿನ ಮಿದುಳು ಇನ್ನೂ ಚಲಿಸುತ್ತಿರುತ್ತದೆ. ಬುರುಡೆಯ ತಳಭಾಗ, ಅಂದರೆ ಕಣ್ಣಿನ ಗೂಡುಗಳ ಮೇಲಿನ ಮತ್ತು ಕಪಾಲದ ಪಕ್ಕದ ಮೂಳೆ, ಒಳಮೈಯಲ್ಲಿ ನಯವಾಗಿಲ್ಲ. ಅಲ್ಲಿ ಏರುತಗ್ಗುಗಳಿವೆ, ಚೂಪಾದ ಅಂಚುಗಳಿವೆ. ಮಿದುಳಿನ ಮುಂಭಾಗದ ಮತ್ತು ಪಕ್ಕದ ಹಾಲೆಗಳು, ಅಂದರೆ ಮಿದುಳಿನ ವಿಭಾಗಗಳು, ಆ ಅಂಚುಗಳಿಗೆ ಉಜ್ಜಿ ಜಜ್ಜಿಹೋಗುತ್ತವೆ. ಹಿಂಬದಿ ಸವಾರರು ಹಿಮ್ಮುಖವಾಗಿ ಬಿದ್ದು ಹಿಂದಲೆಗೆ ಪೆಟ್ಟು ಮಾಡಿಕೊಂಡಾಗಲೂ ಹಾನಿ ಮುಂಭಾಗದಲ್ಲಿ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಹೊರಗಿನ ಹೊಲಿಗೆ ಎಲ್ಲಿದೆ ಎಂಬುದರಿಂದ ಒಳಗಿನ ಗಾಯ ಎಲ್ಲಿದೆ ಎಂದು ಹೇಳಲಾಗುವುದಿಲ್ಲ.

ಈ ಮುಂಭಾಗದ ಹಾಲೆಗಳ ಕೆಲಸವನ್ನು ತಿಳಿದರೆ ಮುಂದಿನದ್ದು ಅರ್ಥವಾಗುತ್ತದೆ. ಕೋಪ ಬಂದಾಗ ನಾಲಗೆ ಬಿಗಿಹಿಡಿಯುವುದು, ನಾಳೆಯ ಕೆಲಸವನ್ನು ಇಂದು ಯೋಜಿಸುವುದು, ಎದುರಿಗಿರುವವರ ಮುಖ ನೋಡಿ ಮಾತು ಬದಲಿಸುವುದು, ಆರಂಭಿಸಿದ್ದನ್ನು ಮುಗಿಸುವ ಹುರುಪು, ಇವೆಲ್ಲ ಅಲ್ಲಿಯವು. ಪಕ್ಕದ ಹಾಲೆಗಳ ಒಳಭಾಗ ನೆನಪಿಗೂ ಭಯಕ್ಕೂ ಸಂಬಂಧಿಸಿದ್ದು. ಅದಲ್ಲದೆ ತಲೆ ರಭಸದಿಂದ ತಿರುಚಿದಾಗ ಮಿದುಳಿನ ದೂರದೂರದ ಭಾಗಗಳನ್ನು ಬೆಸೆಯುವ ನರತಂತುಗಳು ಎಳೆತಕ್ಕೆ ಸಿಕ್ಕಿ ಹರಿಯುತ್ತವೆ. ಹೀಗೆ ತಂತುಗಳು ಹರಿದಿರುವುದು ಸಾಮಾನ್ಯ ಸಿ.ಟಿ. ಸ್ಕ್ಯಾನಿನಲ್ಲಿ ಅನೇಕ ಸಲ ಕಾಣುವುದೇ ಇಲ್ಲ. ಹೀಗಾಗಿ ನಾವು ಒಬ್ಬರ ‘ಗುಣ’, ‘ಸ್ವಭಾವ’, ‘ಸಂಸ್ಕಾರ’ ಎಂದು ಕರೆಯುವ ಸಂಗತಿಗಳ ಒಂದು ಪಾಲು, ಪೆಟ್ಟಿಗೆ ಸುಲಭವಾಗಿ ಸಿಕ್ಕಿಬಿಡುವ ಜಾಗದಲ್ಲೇ ನೆಲೆಸಿದೆ.

ಮನೆಗೆ ಬಂದ ಮೇಲೆ

ಮೊದಲು ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಸಿಡುಕು. ಮಕ್ಕಳ ಗಲಾಟೆ, ಟಿ.ವಿ. ಶಬ್ದ, ಒಂದೇ ಸಲ ಇಬ್ಬರು ಮಾತಾಡುವುದು, ಇಷ್ಟು ಸಾಕು. ಕೋಪ ಕ್ಷಣದಲ್ಲಿ ಏರುತ್ತದೆ, ಕ್ಷಣದಲ್ಲಿ ಇಳಿಯುತ್ತದೆ, ಆಮೇಲೆ ಪಶ್ಚಾತ್ತಾಪವೂ ಇರಬಹುದು. ಆದರೆ ಅಷ್ಟರಲ್ಲಿ ಎದುರಿಗಿದ್ದವರಿಗೆ ಏಟು ಬಿದ್ದಿರುತ್ತದೆ, ಅಥವಾ ಮರೆಯಲಾಗದ ಮಾತು ಆಡಿಯಾಗಿರುತ್ತದೆ. ಕೆಲವರಲ್ಲಿ ಕಾರಣವಿಲ್ಲದೆ ಅಳು ಉಕ್ಕುತ್ತದೆ, ಸಾವಿನ ಮನೆಯಲ್ಲಿ ನಗು ಬರುತ್ತದೆ. ಒಳಗಿನ ಭಾವಕ್ಕೂ ಹೊರಗಿನ ಅಳುನಗುವಿಗೂ ಇರುವ ಕಡಿವಾಣ ತಪ್ಪಿರುವುದರ ಲಕ್ಷಣ ಇದು.

ಇದಕ್ಕೆ ವಿರುದ್ಧವಾದದ್ದು ಮಂಕು. ಅಪಘಾತಕ್ಕೆ ಮುಂಚೆ ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆಯುತ್ತಿದ್ದವರು ಈಗ ಹೇಳದಿದ್ದರೆ ಸ್ನಾನಕ್ಕೂ ಏಳುವುದಿಲ್ಲ. ಮನೆಯವರು ಇದನ್ನು ಸೋಮಾರಿತನ ಎನ್ನುತ್ತಾರೆ, ಇಲ್ಲವೇ ಖಿನ್ನತೆ ಎಂದು ಭಾವಿಸುತ್ತಾರೆ. ವೈದ್ಯರ ದೃಷ್ಟಿಯಲ್ಲಿ ಈ ಎರಡನ್ನು ಬೇರೆ ಮಾಡುವುದು ಮುಖ್ಯ. ಖಿನ್ನತೆಯಲ್ಲಿ ದುಃಖವಿದೆ, ‘ನಾನು ಎಲ್ಲರಿಗೂ ಹೊರೆ’ ಎಂಬ ಅಪರಾಧಭಾವವಿದೆ, ಬದುಕು ಸಾಕೆನಿಸುವುದಿದೆ. ಮಿದುಳಿನ ಗಾಯದಿಂದ ಬಂದ ನಿರಾಸಕ್ತಿಯಲ್ಲಿ ಇದಾವುದೂ ಇರಬೇಕೆಂದಿಲ್ಲ. ಕೇಳಿದರೆ ‘ಚೆನ್ನಾಗಿದ್ದೇನೆ’ ಎನ್ನುತ್ತಾರೆ, ಏನನ್ನೂ ಆರಂಭಿಸುವ ಪ್ರೇರಣೆ ಮಾತ್ರ ಒಳಗಿನಿಂದ ಹುಟ್ಟುವುದಿಲ್ಲ. ಎರಡಕ್ಕೂ ಉಪಾಯ ಬೇರೆಬೇರೆ.

ಖಿನ್ನತೆಯಂತೂ ಅಪರೂಪವಲ್ಲ. ಅಮೆರಿಕದ ಸಿಯಾಟಲ್ ನಗರದ ಆಸ್ಪತ್ರೆಯೊಂದಕ್ಕೆ ಮಿದುಳಿನ ಗಾಯದಿಂದ ದಾಖಲಾದ 559 ವಯಸ್ಕರನ್ನು ಒಂದು ವರ್ಷ ಹಿಂಬಾಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಒಂದು ವರ್ಷದೊಳಗೆ ಶೇ 53ರಷ್ಟು ಮಂದಿ ಒಮ್ಮೆಯಾದರೂ ತೀವ್ರ ಖಿನ್ನತೆಯ ಮಾನದಂಡಕ್ಕೆ ಒಳಪಟ್ಟಿದ್ದರು. ಅವರಲ್ಲಿ ಔಷಧವನ್ನೋ ಆಪ್ತಸಮಾಲೋಚನೆಯನ್ನೋ ಪಡೆದವರು ಅರ್ಧಕ್ಕಿಂತ ಕಡಿಮೆ. ಸಿರಿವಂತ ದೇಶವೊಂದರ ದೊಡ್ಡ ಆಸ್ಪತ್ರೆಯ ರೋಗಿಗಳ ಸ್ಥಿತಿಯೇ ಹೀಗಿರುವಾಗ, ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರಿಗೆ ಆಂಬುಲೆನ್ಸಿನಲ್ಲಿ ಸಾಗಿಸಲ್ಪಟ್ಟು, ಹೊಲಿಗೆ ಬಿಚ್ಚಿಸಿಕೊಂಡು ಊರು ಸೇರಿದವರ ಪಾಡನ್ನು ಊಹಿಸುವುದು ಕಷ್ಟವಲ್ಲ.

ಆತಂಕ, ನಿದ್ರೆಗೇಡು, ವಾಹನ ಹತ್ತಲು ಭಯ, ಬ್ರೇಕಿನ ಸದ್ದಿಗೆ ಬೆಚ್ಚಿಬೀಳುವುದು, ಇವೂ ಸಾಮಾನ್ಯ. ಭ್ರಮೆ, ಅನುಮಾನಗಳಿಂದ ಕೂಡಿದ ಮನೋವಿಕಾರ ಇವಕ್ಕಿಂತ ವಿರಳ. ಬಂದಾಗ ಮಾತ್ರ ಮನೆಯನ್ನೇ ಅಲ್ಲಾಡಿಸುತ್ತದೆ. ಹೆಂಡತಿಯ ಮೇಲೆ ಅನುಮಾನ, ನೆರೆಯವರು ಮಾಟ ಮಾಡಿಸಿದ್ದಾರೆಂಬ ನಂಬಿಕೆ ತಲೆಪೆಟ್ಟಿನ ನಂತರ ಹೊಸದಾಗಿ ಕಾಣಿಸಿಕೊಂಡರೆ ಅದನ್ನು ಮಿದುಳಿನ ಗಾಯದ ಜೊತೆಗಿಟ್ಟೇ ನೋಡಬೇಕು.

ಎಲ್ಲಕ್ಕಿಂತ ಬಿಡಿಸಲು ಕಷ್ಟವಾದ ಗಂಟು ಬೇರೊಂದಿದೆ. ಮುಂಭಾಗದ ಹಾಲೆಗಳಿಗೆ ಪೆಟ್ಟಾದ ಅನೇಕರಿಗೆ ತಮ್ಮಲ್ಲಿ ಬದಲಾವಣೆಯಾಗಿದೆ ಎಂಬ ಅರಿವೇ ಇರುವುದಿಲ್ಲ. ಅವರು ಹಟದಿಂದ ಅಲ್ಲಗಳೆಯುತ್ತಿರುವುದಲ್ಲ; ತನ್ನನ್ನು ತಾನು ಗಮನಿಸಿಕೊಳ್ಳುವ ಶಕ್ತಿಗೇ ಗಾಯವಾಗಿದೆ. ಮನೋವೈದ್ಯರ ಮುಂದೆ ಕೂತು ‘ನನಗೇನೂ ಆಗಿಲ್ಲ, ಇವರೇ ಸುಮ್ಮನೆ ಕರೆತಂದಿದ್ದಾರೆ’ ಎನ್ನುವ ರೋಗಿಯೂ, ಪಕ್ಕದಲ್ಲಿ ಕಣ್ಣೀರು ಒರೆಸಿಕೊಳ್ಳುವ ತಾಯಿಯೋ ಹೆಂಡತಿಯೋ ಇಬ್ಬರೂ ತಮಗೆ ಕಂಡ ಸತ್ಯವನ್ನೇ ಹೇಳುತ್ತಿರುತ್ತಾರೆ. ಹತ್ತು ನಿಮಿಷದ ತಪಾಸಣೆಯಲ್ಲಿ ಹೆಸರು, ದಿನಾಂಕ, ಊರು ಕೇಳಿದರೆ ಉತ್ತರವೆಲ್ಲ ಸರಿಯಾಗಿಯೇ ಬರುತ್ತದೆ. ಅಂಗಡಿಯ ಲೆಕ್ಕ, ಮೂರು ಕೆಲಸ ಒಟ್ಟಿಗೆ ನಿಭಾಯಿಸುವುದು, ಮಗಳ ಪರೀಕ್ಷೆಯ ದಿನ ನೆನಪಿಟ್ಟುಕೊಳ್ಳುವುದು, ಕುಸಿಯುವುದು ಇಲ್ಲಿ. ಆದ್ದರಿಂದ ಜೊತೆಗಿರುವವರ ಹೇಳಿಕೆಯನ್ನು ಪ್ರತ್ಯೇಕವಾಗಿ ಕೇಳದ ತಪಾಸಣೆ ಅರ್ಧ ತಪಾಸಣೆ.

‘ಸ್ಕ್ಯಾನ್ ನಾರ್ಮಲ್’ ಎಂಬ ಮಾತಿನ ಅರ್ಥ

ತಲೆಪೆಟ್ಟಿನ ತೀವ್ರತೆಯನ್ನು ಅಳೆಯಲು ವೈದ್ಯರು 1974ರಿಂದ ಬಳಕೆಯಲ್ಲಿರುವ ಗ್ಲ್ಯಾಸ್ಗೋ ಕೋಮಾ ಮಾಪಕವನ್ನು ನೆಚ್ಚಿಕೊಂಡಿದ್ದಾರೆ. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 13ರಿಂದ 15 ಲಘು, 9ರಿಂದ 12 ಮಧ್ಯಮ, 8 ಅಥವಾ ಕಡಿಮೆ ಇದ್ದರೆ ತೀವ್ರ. ಜೀವಕ್ಕೆ ಅಪಾಯವಿದೆಯೇ, ತುರ್ತು ಶಸ್ತ್ರಚಿಕಿತ್ಸೆ ಬೇಕೇ ಎಂದು ತೀರ್ಮಾನಿಸಲು ಈ ಅಂಕವೂ ಸ್ಕ್ಯಾನೂ ಬಹಳ ಉಪಯುಕ್ತ. ಆರು ತಿಂಗಳ ನಂತರ ಮನಸ್ಸಿನ ಸ್ಥಿತಿ ಹೇಗಿರುತ್ತದೆ ಎಂಬುದನ್ನು ಹೇಳಲು ಅವನ್ನು ರೂಪಿಸಿಲ್ಲ. ‘ಲಘು’ ಎಂಬ ಪದ ಮೊದಲ ದಿನದ ಅಪಾಯಕ್ಕೆ ಸಂಬಂಧಿಸಿದ್ದು. ಮನೆಯವರು ಅದನ್ನು ಮುಂದಿನ ಬದುಕಿಗೂ ಅನ್ವಯಿಸಿಕೊಳ್ಳುತ್ತಾರೆ.

ಅಮೆರಿಕದ 11 ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಪ್ರಶ್ನೆಯನ್ನು ಜಾಣ್ಮೆಯಿಂದ ಕೇಳಿತು. ಲಘು ಮಿದುಳು ಗಾಯವಾದ 1,155 ಮಂದಿಯನ್ನು, ಅಪಘಾತದಲ್ಲಿ ಕೈಕಾಲಿಗೆ ಪೆಟ್ಟಾಗಿದ್ದು ತಲೆಗೆ ಏನೂ ಆಗದವರೊಂದಿಗೆ ಹೋಲಿಸಲಾಯಿತು. ಆರು ತಿಂಗಳಾದಾಗ ಆಘಾತೋತ್ತರ ಒತ್ತಡದ ಕಾಯಿಲೆಯೋ (ನಡೆದ ಭೀಕರ ಘಟನೆ ಮನಸ್ಸನ್ನು ಮತ್ತೆ ಮತ್ತೆ ಕಾಡುವ ಸ್ಥಿತಿ) ತೀವ್ರ ಖಿನ್ನತೆಯೋ ಅಥವಾ ಎರಡೂ ಇದ್ದವರು ಮೊದಲ ಗುಂಪಿನಲ್ಲಿ ಶೇ 21.2, ಎರಡನೆಯದರಲ್ಲಿ ಶೇ 12.1. ಈ ಅಂಕಿಗಳಲ್ಲಿ ಎರಡು ಪಾಠಗಳಿವೆ. ಅಪಘಾತ ಎಂಬ ಅನುಭವವೇ ಮನಸ್ಸನ್ನು ಘಾಸಿಗೊಳಿಸುತ್ತದೆ, ತಲೆಗೆ ಪೆಟ್ಟು ಬಿದ್ದರೆ ಆ ಸಾಧ್ಯತೆ ಇನ್ನಷ್ಟು ಹೆಚ್ಚುತ್ತದೆ. ಅದೇ ಹೊತ್ತಿಗೆ, ಲಘು ಪೆಟ್ಟಾದ ಐವರಲ್ಲಿ ನಾಲ್ವರಿಗೆ ಈ ಕಾಯಿಲೆಗಳು ಬರಲಿಲ್ಲ ಎಂಬುದೂ ಅಷ್ಟೇ ನಿಜ. ತಲೆಗೆ ಪೆಟ್ಟಾದವರೆಲ್ಲ ಮಾನಸಿಕ ರೋಗಿಗಳಾಗುತ್ತಾರೆಂದು ಹೆದರಬೇಕಿಲ್ಲ.

ಮಿದುಳಿನದೋ, ಮನಸ್ಸಿನದೋ

ತಜ್ಞರಲ್ಲಿ ಹಳೆಯದೊಂದು ವಾದವಿದೆ. ಒಂದು ಪಕ್ಷದ ಪ್ರಕಾರ ಈ ಬದಲಾವಣೆಗಳೆಲ್ಲ ನರತಂತುಗಳು ಹರಿದಿರುವುದರ, ರಾಸಾಯನಿಕಗಳ ಏರುಪೇರಿನ, ಉರಿಯೂತಗಳ ನೇರ ಫಲ. ಇನ್ನೊಂದು ಪಕ್ಷ ಹೇಳುವುದು: ಕೆಲಸ ಕಳೆದುಕೊಂಡವರಿಗೆ, ಸಾಲ ಮಾಡಿ ಚಿಕಿತ್ಸೆ ಪಡೆದವರಿಗೆ, ಮುಖದ ಮೇಲೆ ಕಲೆ ಉಳಿದವರಿಗೆ ದುಃಖವಾಗಲು ಮಿದುಳಿನ ಗಾಯವೇ ಬೇಕಿಲ್ಲ. ಮೂರನೆಯ ದನಿ ನ್ಯಾಯಾಲಯದ ಆವರಣದಲ್ಲಿ ಹೆಚ್ಚು ಕೇಳುತ್ತದೆ. ಪರಿಹಾರದ ಆಸೆಗೆ ಲಕ್ಷಣಗಳನ್ನು ಹಿಗ್ಗಿಸಿ ಹೇಳುತ್ತಾರೆ ಎಂಬುದು ಅದರ ಆರೋಪ.

ಮೊದಲೆರಡು ವಾದಗಳಿಗೂ ಆಧಾರವಿದೆ. ಹಿಂದೆ ಖಿನ್ನತೆ ಅಥವಾ ಆತಂಕ ಇದ್ದವರಲ್ಲಿ ತಲೆಪೆಟ್ಟಿನ ನಂತರ ಅದು ಮರಳುವ ಸಂಭವ ಹೆಚ್ಚು ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅಂದರೆ ಮೊದಲಿನ ಮನಸ್ಸೂ ಲೆಕ್ಕಕ್ಕೆ ಬರುತ್ತದೆ. ಆಘಾತೋತ್ತರ ಒತ್ತಡದ ವಿಷಯದಲ್ಲಿ ಇನ್ನೂ ಕುತೂಹಲಕರವಾದ ತೊಡಕಿದೆ. ಪ್ರಜ್ಞೆ ತಪ್ಪಿದ್ದವರಿಗೆ ಅಪಘಾತದ ನೆನಪೇ ಇರುವುದಿಲ್ಲ, ನೆನಪಿಲ್ಲದ ಘಟನೆ ಕಾಡುವುದು ಹೇಗೆ ಎಂದು ಕೆಲವರು ಒಂದು ಕಾಲದಲ್ಲಿ ವಾದಿಸಿದ್ದರು. ಆದರೆ ಕಾಡುವುದು ಕಂಡಿದೆ. ಅರೆಪ್ರಜ್ಞೆಯಲ್ಲಿ ಉಳಿದ ತುಣುಕು ನೆನಪುಗಳು, ಐಸಿಯುವಿನ ಭೀತಿ, ಬೇರೆಯವರು ವರ್ಣಿಸಿದ್ದನ್ನು ಕೇಳಿ ಮನಸ್ಸು ಕಟ್ಟಿಕೊಂಡ ಚಿತ್ರ, ಇವೂ ಕಾಡಲು ಸಾಕಾಗುತ್ತವೆ.

ಮೂರನೆಯ ಆರೋಪದ ಬಗ್ಗೆ ಎಚ್ಚರ ಬೇಕು. ಉತ್ಪ್ರೇಕ್ಷೆ ಮಾಡುವವರು ಇಲ್ಲವೆಂದಲ್ಲ, ಅದನ್ನು ಗುರುತಿಸುವ ಪರೀಕ್ಷೆಗಳೂ ಮನಶ್ಶಾಸ್ತ್ರಜ್ಞರ ಬಳಿ ಇವೆ. ಆದರೆ ತನ್ನ ಕೊರತೆಯ ಅರಿವೇ ಇಲ್ಲದೆ ‘ನಾನು ಸರಿಯಾಗಿದ್ದೇನೆ’ ಎಂದು ಸಾಕ್ಷಿಕಟ್ಟೆಯಲ್ಲಿ ಹೇಳಿ ತನ್ನ ಪರಿಹಾರವನ್ನು ತಾನೇ ಕಡಿಮೆ ಮಾಡಿಕೊಳ್ಳುವ ಗಾಯಾಳುವಿನ ಸಾಧ್ಯತೆಯನ್ನೂ ಅಷ್ಟೇ ಗಂಭೀರವಾಗಿ ಪರಿಗಣಿಸಬೇಕು. ನನ್ನ ಅಭಿಪ್ರಾಯದಲ್ಲಿ ಮಿದುಳೋ ಮನಸ್ಸೋ ಎಂಬ ಪ್ರಶ್ನೆಗೆ ಒಬ್ಬ ರೋಗಿಯ ಮಟ್ಟದಲ್ಲಿ ಶುದ್ಧ ಉತ್ತರ ಸಿಗುವುದು ಅಪರೂಪ, ಸಿಗದಿದ್ದರೆ ಚಿಕಿತ್ಸೆ ನಿಲ್ಲಬೇಕಾಗಿಯೂ ಇಲ್ಲ. ಅಪಘಾತಕ್ಕೆ ಮುಂಚೆ ಹೇಗಿದ್ದರು, ನಂತರ ಯಾವ ತಿಂಗಳಿನಿಂದ ಏನು ಬದಲಾಯಿತು, ಅದರಿಂದ ಯಾವ ಕೆಲಸ ನಿಂತಿತು ಎಂಬ ಕಾಲಾನುಕ್ರಮದ ವಿವರವೇ ವೈದ್ಯರಿಗೂ ನ್ಯಾಯಾಲಯಕ್ಕೂ ಹೆಚ್ಚು ಬೆಳಕು ಕೊಡುತ್ತದೆ.

ಬೇರೆ ಕಾರಣಗಳನ್ನು ಹುಡುಕಬೇಕಾದ ಜಾಗಗಳು

ತಲೆಪೆಟ್ಟಿನ ನಂತರ ಸ್ವಭಾವ ಬದಲಾದರೆ ಅದೆಲ್ಲ ಶಾಶ್ವತ ಎಂದುಕೊಳ್ಳುವುದು ಒಂದು ತಪ್ಪು. ಕೆಲವು ಕಾರಣಗಳು ಸರಿಪಡಿಸಬಹುದಾದಂಥವು, ಅವನ್ನು ಮೊದಲು ಹುಡುಕಬೇಕು.

ವಯಸ್ಸಾದವರಲ್ಲಿ ಬಚ್ಚಲಲ್ಲಿ ಜಾರಿಬಿದ್ದಂತಹ ಸಣ್ಣ ಪೆಟ್ಟಿನ ನಂತರ ಮಿದುಳಿನ ಹೊದಿಕೆಯ ಕೆಳಗೆ ರಕ್ತ ನಿಧಾನವಾಗಿ ಜಿನುಗಿ ಶೇಖರವಾಗುತ್ತದೆ. ವಾರಗಟ್ಟಲೆ ಏನೂ ಕಾಣದೆ, ಆಮೇಲೆ ಮರೆವು, ಗೊಂದಲ, ತೂಕಡಿಕೆ, ನಡಿಗೆಯ ತಡವರಿಕೆ ಆರಂಭವಾಗುತ್ತದೆ. ‘ವಯಸ್ಸಾಯಿತು, ಅರಳು ಮರುಳು’ ಎಂದು ಬಿಟ್ಟುಬಿಡುವ ಈ ಸ್ಥಿತಿಯನ್ನು ಇನ್ನೊಂದು ಸ್ಕ್ಯಾನ್ ಪತ್ತೆಹಚ್ಚುತ್ತದೆ. ಬುರುಡೆಯಲ್ಲಿ ರಂಧ್ರ ಮಾಡಿ ರಕ್ತ ಹೊರತೆಗೆದರೆ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ. ರಕ್ತ ತೆಳುಗೊಳಿಸುವ ಔಷಧ ಸೇವಿಸುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಎರಡನೆಯದು ಔಷಧ. ತಲೆಪೆಟ್ಟಾದವರಿಗೆ ಫಿಟ್ಸ್ ಬಾರದಿರಲೆಂದು ಕೊಡುವ ಲೆವೆಟಿರಾಸೆಟಮ್ ಎಂಬ ಮಾತ್ರೆ ಕೆಲವರಲ್ಲಿ ಸಿಡುಕು, ಆಕ್ರಮಣಶೀಲತೆ, ಖಿನ್ನತೆಯನ್ನು ಉಂಟುಮಾಡುತ್ತದೆ. ಮಾತ್ರೆ ಆರಂಭವಾದ ಮೇಲೆ ಕೋಪ ಹೆಚ್ಚಾಯಿತೇ ಎಂಬುದನ್ನು ಗಮನಿಸಿ ವೈದ್ಯರಿಗೆ ಹೇಳಿದರೆ ಅವರು ಬೇರೆ ಮಾತ್ರೆಗೆ ಬದಲಿಸಬಹುದು. ಮನೆಯಲ್ಲೇ ನಿಲ್ಲಿಸಿಬಿಟ್ಟರೆ ಫಿಟ್ಸ್ ಬರುವ ಅಪಾಯವಿದೆ, ಹಾಗೆ ಮಾಡಲೇಬಾರದು.

ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಪೆಟ್ಟಾಗಿ ಹಾರ್ಮೋನುಗಳು ಕುಸಿದರೂ ನಿಶ್ಶಕ್ತಿ, ಮಂಕು, ಲೈಂಗಿಕ ನಿರಾಸಕ್ತಿ ಕಾಣಿಸಿಕೊಂಡು ಖಿನ್ನತೆಯಂತೆ ತೋರುತ್ತದೆ. ರಕ್ತಪರೀಕ್ಷೆ ದಾರಿ ತೋರಿಸುತ್ತದೆ. ನಿದ್ರೆಗೇಡು, ಸದಾ ಕಾಡುವ ತಲೆನೋವು, ಗುರುತಿಸದೆ ಉಳಿದ ಫಿಟ್ಸ್, ಇವೂ ಪಟ್ಟಿಯಲ್ಲಿವೆ. ಮದ್ಯದ ವಿಷಯವನ್ನು ಒತ್ತಿಹೇಳಬೇಕು. ಗಾಯಗೊಂಡ ಮಿದುಳು ಮೊದಲಿನ ಪ್ರಮಾಣದ ಮದ್ಯವನ್ನೂ ತಾಳುವುದಿಲ್ಲ. ಅದು ಫಿಟ್ಸ್ ತರುತ್ತದೆ, ಕೋಪದ ಕಡಿವಾಣವನ್ನು ಇನ್ನಷ್ಟು ಸಡಿಲಿಸುತ್ತದೆ, ಮತ್ತೆ ಬೀಳುವಂತೆ ಮಾಡುತ್ತದೆ.

ಚಿಕಿತ್ಸೆ ಎಷ್ಟರ ಮಟ್ಟಿಗೆ

ಲಘು ಪೆಟ್ಟಾದವರನ್ನು ಕತ್ತಲ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸಬೇಕೆಂಬ ಸಲಹೆ ಈಗ ಹಿಂದೆ ಸರಿದಿದೆ. ಮೊದಲ ಒಂದೆರಡು ದಿನದ ವಿಶ್ರಾಂತಿಯ ನಂತರ, ತೊಂದರೆ ಹೆಚ್ಚದಂತೆ ನೋಡಿಕೊಂಡು ಸ್ವಲ್ಪಸ್ವಲ್ಪವಾಗಿ ನಿತ್ಯದ ಕೆಲಸಕ್ಕೆ ಮರಳುವುದು ಒಳ್ಳೆಯದು. ಏನೇನು ಲಕ್ಷಣ ಬರಬಹುದು, ಬಹುತೇಕ ಕಡಿಮೆಯಾಗುತ್ತವೆ ಎಂದು ಆರಂಭದಲ್ಲೇ ತಿಳಿಸಿ ಧೈರ್ಯ ಹೇಳುವುದೂ ಚಿಕಿತ್ಸೆಯ ಭಾಗ.

ಖಿನ್ನತೆಗೆ ಸಾಮಾನ್ಯವಾಗಿ ಮೊದಲು ಆರಿಸುವುದು ಸೆರ್ಟ್ರಲಿನ್‌ನಂತಹ ಔಷಧಗಳನ್ನು. ಮಿದುಳು ಗಾಯವಾದವರಲ್ಲಿ ಅವುಗಳ ಪರಿಣಾಮದ ಬಗೆಗಿನ ಪ್ರಯೋಗಗಳ ಫಲಿತಾಂಶ ಮಿಶ್ರವಾಗಿದೆ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಹೀಗಾಗಿ ಔಷಧದ ಜೊತೆಗೆ ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮನೋಚಿಕಿತ್ಸೆ, ದಿನಚರಿಯ ಮರುಜೋಡಣೆ, ಕುಟುಂಬಕ್ಕೆ ತರಬೇತಿ ಸೇರಬೇಕು. ಗಾಯಗೊಂಡ ಮಿದುಳು ಔಷಧಗಳ ಅಡ್ಡಪರಿಣಾಮಕ್ಕೆ ಬೇಗ ಈಡಾಗುವುದರಿಂದ ಕಡಿಮೆ ಪ್ರಮಾಣದಲ್ಲಿ ಆರಂಭಿಸಿ ನಿಧಾನವಾಗಿ ಏರಿಸುವುದು ರೂಢಿ. ನಿದ್ರೆಗೆಂದು ಡಯಜಿಪಾಮ್ ಗುಂಪಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿಸುವುದು ನೆನಪನ್ನೂ ಚೇತರಿಕೆಯನ್ನೂ ಮಂದಗೊಳಿಸುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು ಕಡಿಮೆಯೇನಲ್ಲ. ಒಂದು ಸಲಕ್ಕೆ ಒಂದೇ ಮಾತು ಹೇಳುವುದು, ಗದ್ದಲದ ನಡುವೆ ನಿರ್ಧಾರ ಕೇಳದಿರುವುದು, ನೋಟ್‌ಬುಕ್ಕು ಮತ್ತು ಮೊಬೈಲಿನ ಅಲಾರಂ ರೂಢಿಸುವುದು, ಕೋಪ ಏರುವ ಮುನ್ನ ಕೋಣೆಯಿಂದ ಹೊರಬರುವುದು, ಇವು ಸಣ್ಣ ಉಪಾಯಗಳಂತೆ ಕಂಡರೂ ಮುಂಭಾಗದ ಹಾಲೆ ಮಾಡುತ್ತಿದ್ದ ಕೆಲಸವನ್ನು ಹೊರಗಿನಿಂದ ಮಾಡಿಕೊಡುತ್ತವೆ. ‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂಬ ಸಲಹೆ ಮಾತ್ರ ಇನ್ನೊಂದು ಜೀವವನ್ನು ಅದೇ ಕಷ್ಟಕ್ಕೆ ಸಿಲುಕಿಸುತ್ತದೆ. ಆರೈಕೆ ಮಾಡುವವರು ಬಹುಪಾಲು ಹೆಂಗಸರು. ಅವರ ನಿದ್ರೆ, ಆರೋಗ್ಯ, ಅವರಿಗೆ ಬೀಳುವ ಏಟು, ಇವನ್ನೂ ವೈದ್ಯರು ಕೇಳಬೇಕು.

ಆತ್ಮಹತ್ಯೆಯ ಅಪಾಯವನ್ನು ಇಲ್ಲಿ ಮರೆಮಾಚುವುದು ಸರಿಯಲ್ಲ. ಡೆನ್ಮಾರ್ಕಿನ 74 ಲಕ್ಷ ಜನರ 1980ರಿಂದ 2014ರವರೆಗಿನ ದಾಖಲೆಗಳ ವಿಶ್ಲೇಷಣೆಯಲ್ಲಿ, ತಲೆಪೆಟ್ಟಿಗಾಗಿ ಚಿಕಿತ್ಸೆ ಪಡೆದವರಲ್ಲಿ ಈ ಅಪಾಯ ಇತರರಿಗಿಂತ ಸುಮಾರು 1.9 ಪಟ್ಟು ಇತ್ತು, ಮೊದಲ ಆರು ತಿಂಗಳಲ್ಲಿ ಅತಿ ಹೆಚ್ಚಾಗಿತ್ತು. ಹಾಗಿದ್ದರೂ ಒಟ್ಟು ಸಂಖ್ಯೆಯಲ್ಲಿ ಇದು ವಿರಳ, ಬಹುಪಾಲು ಮಂದಿಗೆ ಹೀಗಾಗುವುದಿಲ್ಲ. ಬದುಕು ಸಾಕೆಂಬ ಮಾತು ಬಂದರೆ ಅದನ್ನು ನೇರವಾಗಿ, ಗದರಿಸದೆ ಕೇಳಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳು ಉಚಿತವಾಗಿ, ಕನ್ನಡದಲ್ಲೂ ಮಾತಾಡಬಹುದು.

ಕಾಗದಪತ್ರಗಳ ಕಡೆಯಿಂದ ನೋಡಿದರೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಮಾನಸಿಕ ಕಾಯಿಲೆ, ಪಾರ್ಕಿನ್ಸನ್ ಕಾಯಿಲೆ ಅದರಲ್ಲಿವೆ. ಮಿದುಳಿನ ಗಾಯ ಎಂಬ ಪ್ರತ್ಯೇಕ ವರ್ಗ ಇಲ್ಲ. ಪರಿಣಾಮವಾಗಿ ತಲೆಪೆಟ್ಟಿನಿಂದ ದುಡಿಯುವ ಶಕ್ತಿ ಕಳೆದುಕೊಂಡವರು ತಮ್ಮ ಕಷ್ಟವನ್ನು ಬೇರೆ ಯಾವುದಾದರೂ ವರ್ಗದೊಳಗೆ ತುರುಕಬೇಕು. ಕೈಕಾಲು ಸರಿಯಿದ್ದು ವಿವೇಚನೆ ಮಾತ್ರ ಕುಂದಿದ್ದರೆ, ಸೌಲಭ್ಯಗಳಿಗೆ ಬೇಕಾದ ಶೇ 40ರ ಗಡಿ ಮುಟ್ಟುವುದು ಮಾನಸಿಕ ಕಾಯಿಲೆಯ ಅಳತೆಗೋಲಿನಿಂದ. ಅದಕ್ಕೆ ಮನೋವೈದ್ಯರ ದಾಖಲೆ ಬೇಕು. ಮನೋವೈದ್ಯರ ಬಳಿಗೆ ಯಾರೂ ಕಳುಹಿಸಿಯೇ ಇಲ್ಲದಿದ್ದರೆ ದಾಖಲೆ ಎಲ್ಲಿಂದ ಬರಬೇಕು?

ಮೋಟಾರು ಅಪಘಾತ ಪರಿಹಾರದ ಕೇಸಿನಲ್ಲೂ ಇದೇ ತೊಡಕು. 2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅಂಗದ ಶೇಕಡಾವಾರು ನಷ್ಟ ಬೇರೆ, ಸಂಪಾದನೆಯ ಶಕ್ತಿಯ ನಷ್ಟ ಬೇರೆ ಎಂದು ಬಿಡಿಸಿ ಹೇಳಿತು. ಎಡಗೈ ಕಳೆದುಕೊಂಡ ಬಡಗಿ ಅಥವಾ ಚಾಲಕನಿಗೆ ಆಗುವ ನಷ್ಟ, ಅದೇ ಕೈ ಕಳೆದುಕೊಂಡ ಸರ್ಕಾರಿ ಗುಮಾಸ್ತನ ನಷ್ಟಕ್ಕೆ ಸಮವಲ್ಲ ಎಂಬುದು ಅದರ ತರ್ಕ. ಅದನ್ನು ಮಿದುಳಿಗೆ ಅನ್ವಯಿಸಿದರೆ, ಕೋಪ ಹಿಡಿತದಲ್ಲಿಲ್ಲದ ಬಸ್ ಕಂಡಕ್ಟರ್ ಮತ್ತು ಲೆಕ್ಕ ಹಿಡಿಯಲಾಗದ ಅಂಗಡಿಯಾಕೆ ಕೈಕಾಲು ಗಟ್ಟಿಯಿದ್ದೂ ಕೆಲಸ ಕಳೆದುಕೊಳ್ಳಬಹುದು. ಗಂಭೀರ ಮಿದುಳು ಗಾಯವಾದ ಬಾಲಕಿಯೊಬ್ಬಳಿಗೆ 2020ರಲ್ಲಿ ಅದೇ ನ್ಯಾಯಾಲಯ ಪರಿಹಾರವನ್ನು 62.27 ಲಕ್ಷ ರೂಪಾಯಿಗೆ ಏರಿಸಿ, ಆರೈಕೆ ಮಾಡುವವರ ವೆಚ್ಚವನ್ನು ಜೀವಮಾನದ ದೃಷ್ಟಿಯಿಂದ ಲೆಕ್ಕ ಹಾಕಿತು. ತೀವ್ರ ಗಾಯ ನ್ಯಾಯಾಲಯದ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಕಾಣದ ಮಧ್ಯಮ ಗಾಯವೇ ಸೋಲುವುದು.

ಸಮಯದ ಪ್ರಶ್ನೆಯೂ ಇದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪರಿಹಾರದ ಅರ್ಜಿಗೆ ಅಪಘಾತದಿಂದ ಆರು ತಿಂಗಳ ಮಿತಿ ಹಾಕಿತು. ಅದು 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು, ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೂ ಒಳಗಾಗಿದೆ. ‘ಸ್ಕ್ಯಾನ್ ನಾರ್ಮಲ್’ ಎಂದು ಕೇಳಿ ಅರ್ಜಿ ಹಾಕದೆ ಸುಮ್ಮನಾದ ಕುಟುಂಬಕ್ಕೆ, ಏಳೆಂಟು ತಿಂಗಳ ನಂತರ ಮಗ ಕೆಲಸದಲ್ಲಿ ನಿಲ್ಲುತ್ತಿಲ್ಲ ಎಂದು ಅರಿವಾದಾಗ ಈ ಮಿತಿ ಅಡ್ಡ ನಿಲ್ಲಬಹುದು.

ವಿಮೆಯ ಮಟ್ಟಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಕಲಂ, ದೈಹಿಕ ಕಾಯಿಲೆಗೆ ಸಮನಾಗಿ ಮಾನಸಿಕ ಕಾಯಿಲೆಗೂ ರಕ್ಷಣೆ ಕೊಡಬೇಕೆಂದು ಕಂಪನಿಗಳಿಗೆ ಹೇಳುತ್ತದೆ. ಆದರೆ ನಮ್ಮ ಬಹುತೇಕ ಪಾಲಿಸಿಗಳು ಒಳರೋಗಿ ಚಿಕಿತ್ಸೆಯ ಸುತ್ತ ರೂಪುಗೊಂಡವು. ತಲೆಪೆಟ್ಟಿನ ನಂತರದ ಮನೋಚಿಕಿತ್ಸೆ ಬಹುಪಾಲು ಹೊರರೋಗಿ ವಿಭಾಗದಲ್ಲಿ, ತಿಂಗಳಿಗೊಮ್ಮೆ, ಬಸ್ಸಿನ ಖರ್ಚಿನ ಸಮೇತ ನಡೆಯುವಂಥದ್ದು.

ಏಳು ದಿನವನ್ನು ಹಿಗ್ಗಿಸುವುದೋ, ಎಂಟನೆಯ ದಿನಕ್ಕೆ ದಾರಿ ಮಾಡುವುದೋ

ನಗದುರಹಿತ ಯೋಜನೆಯ ಅವಧಿಯನ್ನೂ ಮೊತ್ತವನ್ನೂ ಹೆಚ್ಚಿಸಿ ಪುನಶ್ಚೇತನವನ್ನು ಸೇರಿಸಬೇಕು ಎಂಬುದು ಒಂದು ನಿಲುವು. ಹಣ ಸೀಮಿತ, ಮೊದಲ ಗಂಟೆಯಲ್ಲಿ ಸಾಯುವವರನ್ನು ಉಳಿಸುವುದೇ ಯೋಜನೆಯ ಗುರಿ, ಎಲ್ಲವನ್ನೂ ಅದರ ಮೇಲೆ ಹೇರಿದರೆ ಅದೇ ಕುಸಿಯುತ್ತದೆ ಎಂಬುದು ಇನ್ನೊಂದು. ಎರಡನೆಯದರಲ್ಲಿ ಹುರುಳಿದೆ. ಆದರೆ ಉಳಿಸಿದ ಜೀವ ದುಡಿಯದೆ ಮನೆಯಲ್ಲಿ ಕೂತರೆ, ಅದನ್ನು ನೋಡಿಕೊಳ್ಳಲು ಇನ್ನೊಬ್ಬರೂ ಕೂಲಿ ಬಿಟ್ಟರೆ, ಆ ವೆಚ್ಚ ಇಲ್ಲವಾಗುವುದಿಲ್ಲ. ಸರ್ಕಾರದ ಲೆಕ್ಕಪುಸ್ತಕದಿಂದ ಬಡವರ ಮನೆಯ ಸಾಲದ ಪುಸ್ತಕಕ್ಕೆ ಸರಿಯುತ್ತದೆ.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಕೊಂಡಿಗಳು ಬಿಡಿಬಿಡಿಯಾಗಿ ಇವೆ. ನರಶಸ್ತ್ರಚಿಕಿತ್ಸೆ ಮತ್ತು ಮನೋವೈದ್ಯ ವಿಭಾಗಗಳೆರಡೂ ಒಂದೇ ಆವರಣದಲ್ಲಿರುವ ನಿಮ್ಹಾನ್ಸ್ ಬೆಂಗಳೂರಿನಲ್ಲಿದೆ. ಎಂಬತ್ತರ ದಶಕದಲ್ಲಿ ಅದೇ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗಿಸಿ ನೋಡಿದ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟರೆ ಸಾಮಾನ್ಯ ಮಾನಸಿಕ ಕಾಯಿಲೆಗಳನ್ನು ಅಲ್ಲೇ ನೋಡಬಹುದು ಎಂಬುದು ಬಳ್ಳಾರಿ ಕಲಿಸಿದ ಪಾಠ. ಹಾಗಿದ್ದೂ ನಿಮ್ಹಾನ್ಸ್ ಮುನ್ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮಾನಸಿಕ ಕಾಯಿಲೆ ಇದ್ದೂ ಚಿಕಿತ್ಸೆ ಸಿಗದವರ ಪ್ರಮಾಣ ಕಾಯಿಲೆಗೆ ಅನುಗುಣವಾಗಿ ಶೇ 70ರಿಂದ 92. ತಲೆಪೆಟ್ಟಾದವರು ಆ ಗುಂಪಿನೊಳಗೆ ಗುರುತೇ ಇಲ್ಲದೆ ಸೇರಿಹೋಗಿದ್ದಾರೆ.

ಹಾಗಾಗಿ ಹೊಸ ಸಂಸ್ಥೆ ಕಟ್ಟುವ ಮೊದಲು ಡಿಸ್ಚಾರ್ಜ್ ಚೀಟಿಯನ್ನು ತಿದ್ದಬಹುದು. ತಲೆಪೆಟ್ಟಾದ ಪ್ರತಿಯೊಬ್ಬರ ಚೀಟಿಯಲ್ಲಿ ಗ್ಲ್ಯಾಸ್ಗೋ ಅಂಕ, ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ, ಎಷ್ಟು ದಿನ ಹೊಸ ನೆನಪು ಕೂರಲಿಲ್ಲ ಎಂಬುದು ದಾಖಲಾಗಬೇಕು. ಅದರ ಕೆಳಗೆ ಕನ್ನಡದಲ್ಲಿ, ಮನೆಯವರು ಓದುವಂತೆ, ಮುಂದಿನ ತಿಂಗಳುಗಳಲ್ಲಿ ಸಿಡುಕು, ಮಂಕು, ನಿದ್ರೆಗೇಡು, ಅನುಮಾನ, ಬದುಕು ಬೇಡವೆಂಬ ಮಾತು ಕಂಡರೆ ಅದು ಈ ಗಾಯಕ್ಕೆ ಸಂಬಂಧಿಸಿದ್ದಿರಬಹುದು ಎಂಬ ಎಚ್ಚರಿಕೆ ಇರಬೇಕು. ಮೂರನೆಯ ಮತ್ತು ಆರನೆಯ ತಿಂಗಳಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ತಂಡ ನೋಡುವ ದಿನಾಂಕವನ್ನು ಅಲ್ಲೇ ಬರೆದುಕೊಡಬೇಕು, ಬರುವಾಗ ಮನೆಯವರೊಬ್ಬರನ್ನು ಕರೆತರಲು ಹೇಳಬೇಕು. ಆರನೆಯ ತಿಂಗಳ ಆ ಭೇಟಿ ಪರಿಹಾರದ ಅರ್ಜಿಯ ಗಡುವು ಮುಗಿಯುವ ಮುನ್ನವೇ ಬೀಳುವಂತೆ ದಿನಾಂಕ ಗೊತ್ತುಮಾಡಬೇಕು.